ಮಡಚದ ಬೋರ್ಡು

ಶಾಮಿಯಾನದವರು ಕೊನೆಯ ಕುರ್ಚಿಗಳನ್ನು ಪಿಕಪ್ಪಿಗೆ ಎಸೆಯುವ ಸದ್ದು ಅಂಗಳದಿಂದ ಬರುತ್ತಿರುವಾಗ ಕಾಂತಿ ಕಿಟಕಿಯ ಬಳಿಯ ಮೇಜು ಒರೆಸುತ್ತಿದ್ದಳು. ಅಂಚನ್ನು ಮಾತ್ರ. ನಡುವೆ ತೆರೆದಿದ್ದ ಆಟದ ಬೋರ್ಡಿನ ಸುತ್ತ ಬಟ್ಟೆ ಹಾದು ಬಂತು, ಮುಟ್ಟಲಿಲ್ಲ. ಗಂಡ ಶೋಧನನ ಉತ್ತರಕ್ರಿಯೆ ನಿನ್ನೆ ಮುಗಿದಿತ್ತು. ನೆಂಟರು ಹೋಗಿಯಾಗಿತ್ತು. ಹಾಲು ಬಂದಿತ್ತು, ಕುಕ್ಕರ್ ಕೂಗಿತ್ತು. ಕುಡಿದ ಚಹಾದಲ್ಲಿ ಸಕ್ಕರೆ ಇತ್ತೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ.

ಬೋರ್ಡು ಮೂಡುಬಿದಿರೆಯ ಬಟ್ಟೆ ಅಂಗಡಿಯ ಜಿನದತ್ತರದು. ಭಾನುವಾರ ಮಧ್ಯಾಹ್ನ ಅವರು ಬಂಟ್ವಾಳಕ್ಕೆ ಬಂದು ಶೋಧನನೊಡನೆ ಸ್ಕ್ರ್ಯಾಬಲ್ ಆಡುತ್ತಿದ್ದರು. ಚೀಲದಿಂದ ಬಂದ ಅಕ್ಷರದ ಬಿಲ್ಲೆಗಳನ್ನು ಎದುರಾಳಿಗೆ ಕಾಣದಂತೆ ಇಟ್ಟುಕೊಂಡು, ಅವುಗಳಲ್ಲಿ ಇಂಗ್ಲಿಷ್ ಪದ ಹುಡುಕಿ, ಬೋರ್ಡಿನಲ್ಲಿರುವ ಪದಗಳಿಗೆ ಅಡ್ಡವಾಗಿಯೋ ಉದ್ದವಾಗಿಯೋ ಕೂಡಿಸುವ ಆಟ. ಕೊನೆಯ ಭಾನುವಾರ ಆಟ ಅರ್ಧದಲ್ಲಿರುವಾಗಲೇ ಜಿನದತ್ತರು ತಮ್ಮ ಬಿಲ್ಲೆಗಳನ್ನು ಜೇಬಿಗೆ ಹಾಕಿಕೊಂಡು ಬಸ್ಸಿಗೆ ಎದ್ದಿದ್ದರು. "ಒಂದು ವಾರಕ್ಕೆ ಬೋರ್ಡು ಸಾಲ ಕೊಡಿ ಜಿನದತ್ತಣ್ಣ. ನನ್ನ ಟರ್ನ್ ಅಲ್ವಾ, ಸರೀ ಯೋಚನೆ ಮಾಡ್ತೇನೆ" ಎಂದಿದ್ದ ಶೋಧನ. ಬುಧವಾರ ಬೆಳ್ತಂಗಡಿಯ ಬ್ಯಾಂಕಿನಿಂದ ಬರುವಾಗ ಮಡಂತ್ಯಾರಿನ ತಿರುವಿನಲ್ಲಿ ಅವನ ಬೈಕು ಜಾರಿತು.

"ಅದನ್ನು ಇವತ್ತೇ ಕೊಟ್ಟು ಬಾ ಮಗಾ," ಅತ್ತೆ ದಮಯಂತಿ ಬಾಗಿಲಲ್ಲಿ ನಿಂತು ಹೇಳಿದರು. "ಸಾಲ ತಂದ ವಸ್ತು ಮನೆಯಲ್ಲಿ ಉಳಿದ್ರೆ ಹೋದವನ ಕಾಲು ಎಳೀತದೆ."

"ಮಡಚಿದ್ರೆ ಎಲ್ಲ ಚೆಲ್ಲಿ ಹೋಗ್ತದೆ ಅತ್ತೆ. ಅವರು ಇಟ್ಟದ್ದು ಹಾಗೇ ಉಂಟು."

ದಮಯಂತಿಗೆ ಇಂಗ್ಲಿಷ್ ಬಾರದು. ಆದರೂ ಬೋರ್ಡನ್ನು ಓದುವವರಂತೆ ಸ್ವಲ್ಪ ಹೊತ್ತು ನೋಡಿದರು. ಒಳಗೆ ಹೋಗಿ, ಮದುವೆ ಮುಂಜಿಗೆ ಮಾತ್ರ ಅಟ್ಟದಿಂದ ಇಳಿಯುವ ದೊಡ್ಡ ಹರಿವಾಣ ತಂದರು.

"ಮಡಚ್ಬೇಡ ಹಾಗಾದ್ರೆ."

ಸಿದ್ದಕಟ್ಟೆ ದಾರಿಯ ಬಸ್ಸಿನಲ್ಲಿ ಹರಿವಾಣವನ್ನು ತೊಡೆಯ ಮೇಲಿಟ್ಟುಕೊಂಡು ಕಾಂತಿ ಉಸಿರು ಬಿಗಿಹಿಡಿದು ಕೂತಳು.

"ಎಂಥದಕ್ಕ ಇದು, ಚೆನ್ನೆಮಣೆಯಾ?" ಕಂಡಕ್ಟರ್ ದಯಾನಂದ ಟಿಕೆಟ್ ಹರಿಯುತ್ತ ಬಗ್ಗಿದ.

"ಅಲ್ಲ. ಇಂಗ್ಲಿಷ್ ಅಕ್ಷರದ ಆಟ. ಅಲುಗಾಡ್ಬಾರ್ದು."

"ಅಲುಗಾಡ್ಬಾರ್ದಂತೆ! ಕೇಳಿತಾ ಡ್ರೈವರಣ್ಣ? ಇವತ್ತು ವಿಮಾನದ ಹಾಗೆ ಬಿಡ್ಬೇಕಂತೆ."

ಪಕ್ಕದಲ್ಲಿ ಕೂತ ಕಾಲೇಜು ಹುಡುಗಿಯ ಕೊರಳಿನ ಗುರುತಿನ ಚೀಟಿಯಲ್ಲಿ ಪ್ರಾಪ್ತಿ ಎಂದಿತ್ತು. ಬಿಲ್ಲೆಗಳನ್ನು ನಿಲ್ಲಿಸಿದ್ದ ಮರದ ಪಟ್ಟಿಯನ್ನು ಅವಳೇ ಕೇಳಿ ಹಿಡಿದುಕೊಂಡಳು. ಅದರಲ್ಲಿ ಏಳು ಅಕ್ಷರಗಳು: ಎ, ಇ, ಐ, ಎನ್, ಆರ್, ಎಸ್, ಟಿ.

"ಇದು ಯಾರ ಟರ್ನ್ ಅಕ್ಕ?"

"ನನ್ನ ಗಂಡಂದು. ತೀರಿಕೊಂಡ್ರು."

ಹುಡುಗಿ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದಳು. ಸ್ವಲ್ಪ ದೂರ ಹೋದ ಮೇಲೆ ಮೆಲ್ಲಗೆ, "ರೈನ್ ಉಂಟು," ಎಂದಳು. "ನೆಸ್ಟ್ ಉಂಟು. ಸ್ಟಾರ್."

"ಟ್ರೇನ್ ಉಂಟು ನೋಡಿ," ಎಂದ ದಯಾನಂದ ಅವಳ ಹೆಗಲ ಮೇಲಿಂದ. "ನಮ್ಮ ಬಸ್ಸಲ್ಲಿ ಕೂತು ಟ್ರೇನು!"

ಮುಂದಿನ ಸೀಟಿನ ಹೆಂಗಸು ತಿರುಗಿ, "ಟೀ ಉಂಟಾ?" ಎಂದಳು. ಟೀ ಕೂಡ ಇತ್ತು.

ಸಿದ್ದಕಟ್ಟೆಯ ಉಬ್ಬಿಗೆ ಬಸ್ಸು ಹಾರಿತು. ಕಾಂತಿ ಹರಿವಾಣವನ್ನು ಎದೆಗೆ ಅವುಚಿಕೊಂಡಳು. ಬಿಲ್ಲೆಗಳು ಮಂಡಕ್ಕಿಯಂತೆ ಎದ್ದವು. ಬೋರ್ಡಿನ ಅರ್ಧ ಬರಿದಾಯಿತು.

ಅವಳು ಬರಿದಾದ ಚೌಕಗಳನ್ನು ನೋಡುತ್ತ ಕೂತಳು. ಅವನ ಬೆರಳು ಇಟ್ಟದ್ದೆಲ್ಲ ಈಗ ಸೀಟಿನಡಿಯ ಧೂಳಿನಲ್ಲಿತ್ತು.

"ನಿಲ್ಸಿ, ನಿಲ್ಸಿ!" ದಯಾನಂದ ಮೊಬೈಲಿನ ಟಾರ್ಚ್ ಹಾಕಿ ಮಂಡಿಯೂರಿದ. "ಟಿಕೆಟಿಲ್ಲದ ಪ್ಯಾಸೆಂಜರು ಎಷ್ಟು ಜನ ಮಾರಾಯ್ರೆ ಇಲ್ಲಿ!"

"ಹಿಂದಿನ ಬಸ್ಸು ಬರ್ತದೆ," ಡ್ರೈವರ್ ಗೊಣಗಿದ.

"ಬರ್ಲಿ."

ಚಪ್ಪಲಿಗಳು ಸರಿದವು, ಚೀಲಗಳು ಎದ್ದವು. ಒಂದೊಂದೇ ಬಿಲ್ಲೆ ಕೈಯಿಂದ ಕೈಗೆ ಬಂದು ಹರಿವಾಣದ ಅಂಚಿಗೆ ಸೇರಿತು. ಅವು ಎಲ್ಲಿದ್ದವೆಂದು ಕಾಂತಿಗೆ ನೆನಪಿರಲಿಲ್ಲ. ಅವಳು ಬೋರ್ಡನ್ನು ಕಾದಿದ್ದಳೇ ಹೊರತು ಒಮ್ಮೆಯೂ ಓದಿರಲಿಲ್ಲ.

"ಈ ಕ್ಯೂ ಇಲ್ಲೇ ಅಕ್ಕ," ಪ್ರಾಪ್ತಿ ತೋರಿಸಿದಳು. "ಮುಂದೆ ಯು ಉಂಟಲ್ಲ."

ಕಾಂತಿ ಇಟ್ಟಳು. ಕೂತುಕೊಂಡಿತು. ಅಡ್ಡ ಪದದಲ್ಲಿ ಒಂದು ತೂತು ಇತ್ತು. ಅದಕ್ಕೆ ಎಚ್ ಬೇಕಿತ್ತು, ಎಚ್ ಅಂಗೈಯಲ್ಲೇ ಇತ್ತು. ಎಚ್ ಕೂತ ಮೇಲೆ ಉದ್ದದ ಪದ ತನ್ನ ಬಾಲವನ್ನು ಕೇಳಿತು. ಒಂದು ಪದ ಇನ್ನೊಂದರ ಜಾಗ ಹೇಳಿಕೊಡುತ್ತಿತ್ತು. ಅವಳ ಬೆರಳುಗಳು ಚುರುಕಾದವು. ಒಂದು ಬಿಲ್ಲೆಯೂ ಉಳಿಯಲಿಲ್ಲ, ಒಂದು ಚೌಕವೂ ತಪ್ಪಲಿಲ್ಲ. ಯಾರ ಯಾರ ಕೈ ದಾಟಿ ಬಂದರೂ ಬೋರ್ಡು ಶೋಧನ ಬಿಟ್ಟಂತೆಯೇ ಇತ್ತು.

"ಅಬ್ಬ!" ಎಂದಳು ಮುಂದಿನ ಸೀಟಿನ ಹೆಂಗಸು, ದೇವರೆದುರು ನಿಂತವಳಂತೆ.

ಬಸ್ಸು ಹೊರಟಿತು. ಪ್ರಾಪ್ತಿಯ ಕೈಯಲ್ಲಿದ್ದ ಏಳು ಅಕ್ಷರಗಳನ್ನು ಕಾಂತಿ ಮೊದಲ ಸಲ ಸರಿಯಾಗಿ ನೋಡಿದಳು. ಅವು ಅಲ್ಲೇ ನಿಂತಿದ್ದವು, ಆದರೂ ಒಂದನ್ನೊಂದು ಹುಡುಕಿಕೊಂಡು ಸರಿದಂತೆ ತೋರಿತು. ಪ್ರಾಣಿಶಾಸ್ತ್ರದ ಎಂಎಸ್ಸಿಯಲ್ಲಿ ತಾನು ಬಿಡಿಸಿದ್ದ ಕಣ್ಣಿನ ಚಿತ್ರ, ಅದರ ಹಿಂಬದಿಯ ತೆಳ್ಳನೆಯ ಪರದೆ ನೆನಪಾಯಿತು.

"ರೆಟಿನಾ," ಎಂದಳು. ಆಮೇಲೆ, "ಎಸ್ ಕೂಡ ಸೇರ್ತದೆ. ರೆಟಿನಾಸ್. ಏಳೂ."

ಪ್ರಾಪ್ತಿಯ ತುಟಿ ಅಲುಗಿತು. "ಅಕ್ಕ... ರಿಟೇನ್ಸ್ ಕೂಡ ಆಗ್ತದೆ. ಅದೂ ಏಳೂ!"

ಇಬ್ಬರೂ ಮುಖ ಮುಖ ನೋಡಿಕೊಂಡರು. ಕಣ್ಣಿನ ಪರದೆ, ಉಳಿಸಿಕೊಳ್ಳುವುದು: ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಪದ, ಅದೇ ಏಳು ಬಿಲ್ಲೆ. ಇವನ್ನು ಅವನೂ ಕಂಡಿದ್ದನೇ, ಕಂಡು ಇಡುವ ಜಾಗಕ್ಕಾಗಿ ವಾರ ಕೇಳಿದ್ದನೇ? ಗೊತ್ತಾಗುವಂತಿರಲಿಲ್ಲ. ಇನ್ನೆಷ್ಟು ಪದಗಳಿವೆಯೋ ಎಂದು ಕಾಂತಿ ಮತ್ತೆ ಬಗ್ಗಿದಳು.

ಮೂಡುಬಿದಿರೆಯಲ್ಲಿ ಜಿನದತ್ತರು ಗಿರಾಕಿಗೆ ಪಂಚೆ ಬಿಡಿಸುತ್ತಿದ್ದರು. ಹರಿವಾಣ ಕಂಡು ಪಂಚೆಯನ್ನು ಹಾಗೇ ಬಿಟ್ಟು, ಕೌಂಟರಿನ ಮೇಲಿನ ಬಟ್ಟೆಗಳನ್ನೆಲ್ಲ ಒಂದೇ ತೋಳಿನಿಂದ ಆಚೆ ದೂಡಿದರು.

"ಮಡಚಿ ತರ್ಬಹುದಿತ್ತಲ್ಲ ಕಾಂತಿ. ಬಸ್ಸಲ್ಲಿ ಹೀಗೇ ತಂದ್ರಾ?"

"ಸಾಲ ತಂದದ್ದು ಅಲ್ವಾ. ಕೊಟ್ಟ ಹಾಗೇ ವಾಪಸ್ ಕೊಡ್ಬೇಕು."

ಅವಳು ಬೋರ್ಡನ್ನು ಎತ್ತಿ ಕೌಂಟರಿನ ಮೇಲಿಟ್ಟಳು. ಸೆರಗಿನಡಿಯಿಂದ ಬಿಲ್ಲೆಗಳ ಪಟ್ಟಿಯನ್ನು ತೆಗೆದಳು. ಜಿನದತ್ತರು ತಟ್ಟನೆ ಗೋಡೆಯ ಕಡೆ ತಿರುಗಿದರು.

"ನನಗೆ ತೋರಿಸ್ಬೇಡಿ. ನಾನು ಆಚೆ ಕಡೆಯವ."

ಅವರ ಅಂಗಿಯ ಬೆನ್ನು ಏರಿ ಇಳಿಯುತ್ತಿತ್ತು. ಕಾಂತಿ ಗಿರಾಕಿಗಳ ಸ್ಟೂಲನ್ನು ಹತ್ತಿರಕ್ಕೆಳೆದು ಕೂತಳು. ಅಕ್ಷರಗಳು ತನ್ನ ಕಡೆಗಿರುವಂತೆ ಪಟ್ಟಿಯನ್ನು ನಿಲ್ಲಿಸಿದಳು.

"ಈಗ ತಿರುಗಿ, ಜಿನದತ್ತಣ್ಣ."