ಪುಸ್ತಕದಲ್ಲಿ ಬರೆಯದ ಹೆಸರು

ಹಿರಿಯೂರು ಬಸ್‌ಸ್ಟ್ಯಾಂಡಿನ ಹಿಂದೆ ಅಜೀಮ್ ಸೈಬರ್ ಸೆಂಟರ್ ಇಟ್ಟು ಐದು ವರ್ಷವಾಗಿತ್ತು. ಎರಡು ಸಾವಿರದ ಆರನೇ ಇಸವಿ ಹೊತ್ತಿಗೆ ಅವನಿಗೆ ಸಾಕುಸಾಕಾಗಿತ್ತು. ಸರ್ಕಾರದ ಹೊಸ ನಿಯಮ ಬಂದಿದ್ದೇ ಬಂದಿದ್ದು, ಕ್ಯಾಬಿನ್ನುಗಳ ಪ್ಲೈವುಡ್ ಅರ್ಧಕ್ಕೆ ಕೊಯ್ಸಿದ್ದಾಯ್ತು, ಪರದೆ ಕಿತ್ತಿದ್ದಾಯ್ತು. ಬಂದವರ ಗುರುತಿನ ಚೀಟಿ ನೋಡಿ ಹೆಸರು, ವಿಳಾಸ, ವೇಳೆ ಪುಸ್ತಕದಲ್ಲಿ ಬರೆಯಬೇಕು. "ರಿಸಲ್ಟ್ ನೋಡಾಕೂ ವೋಟರ್ ಕಾರ್ಡ್ ಬೇಕೇನ್ರಿ?" ಅಂತ ದಿನಾ ಜಗಳ. ಮೊದಮೊದಲು ಸಮಾಧಾನ ಹೇಳುತ್ತಿದ್ದ. ಆಮೇಲಾಮೇಲೆ ಸುಮ್ಮನೆ ಪುಸ್ತಕ ಮುಂದಕ್ಕೆ ತಳ್ಳುತ್ತಿದ್ದ.

ಒಂದು ಬುಧವಾರ ಕಾನ್‌ಸ್ಟೇಬಲ್ ಕರಿಯಣ್ಣ ಬಂದ. ಹದಿನೈದು ದಿನದ ಹಿಂದೆ ಬೆಳಿಗ್ಗೆ ಹನ್ನೊಂದೂವರೆಗೆ ಇದೇ ಅಂಗಡಿಯಿಂದ ಅಧಿಕಾರಿಯೊಬ್ಬರಿಗೆ ಕೊಲೆ ಬೆದರಿಕೆಯ ಈಮೇಲ್ ಹೋಗಿತ್ತು. ಆ ಹೊತ್ತಿಗೆ ಪುಸ್ತಕದಲ್ಲಿದ್ದದ್ದು ಒಂದೇ ಹೆಸರು.

"ಯಾರಪ್ಪ ಈ ಯಲ್ಲದಕೆರೆ ಕೆಂಚಕ್ಕ?"

ಅಜೀಮನಿಗೆ ತಕ್ಷಣ ನೆನಪಾಯಿತು. ಮೊಮ್ಮಗಳು ಹೇಮಾವತಿಯ ಪಿಯುಸಿ ರಿಸಲ್ಟ್ ನೋಡಲು ಬಂದಿದ್ದ ಮುದುಕಿ ಅವಳು. ಹುಡುಗಿಯ ಹತ್ತಿರ ಕಾರ್ಡಿಲ್ಲವೆಂದು ಅಜ್ಜಿಯ ಹೆಸರು ಬರೆದಿದ್ದ. ಅವರು ಹೋದ ಮೇಲೆ ಚೌಕಳಿ ಅಂಗಿಯವನೊಬ್ಬ ಬಂದು, "ಐದೇ ನಿಮಿಷ ಅಣ್ಣಾ, ಬಸ್ಸಿಗೆ ಹೊತ್ತಾಯ್ತು" ಅಂದಿದ್ದ. ಇನ್ನೊಂದು ಜಗಳ ಯಾಕೆ ಅಂತ ಅಜೀಮ್ ಅವನನ್ನು ಹಾಗೇ ಒಳಗೆ ಬಿಟ್ಟಿದ್ದ. ಕರಿಯಣ್ಣನ ಮುಂದೆ ಮಾತ್ರ ಅದನ್ನು ಹೇಳದೆ, ರಿಸಲ್ಟ್ ನೋಡಲು ಬಂದ ಅಜ್ಜಿ ಅಂತಷ್ಟೇ ಅಂದ. ಕರಿಯಣ್ಣ ಪುಸ್ತಕ ಎತ್ತಿಕೊಂಡು ಹೋದ.

ಮರುದಿನ ಠಾಣೆಗೆ ಕರೆ ಬಂತು. ಹೋಗಿ ನೋಡಿದರೆ ಬೆಂಚಿನ ಮೇಲೆ ಕೆಂಚಕ್ಕ, ಪಕ್ಕದಲ್ಲಿ ಅತ್ತು ಕಣ್ಣು ಊದಿಸಿಕೊಂಡ ಹೇಮಾವತಿ.

"ನಾನೇನ್ ಕಳಿಸೀನಿ ಸಾಬಣ್ಣ? ಸೈ ಹಾಕಾಕೂ ಬರಲ್ಲ ನನಗೆ," ಅಂದಳು ಮುದುಕಿ.

"ನಿಮಗೆ ಬರಲ್ಲ, ಹುಡುಗಿಗೆ ಬರುತ್ತಲ್ಲ," ಅಂದರು ಇನ್‌ಸ್ಪೆಕ್ಟರ್. "ಪುಸ್ತಕದಾಗೆ ನಿಮ್ಮ ಹೆಸರು ಬಿಟ್ರೆ ಬೇರೆ ಇಲ್ಲ."

ಹುಡುಗಿ ಮತ್ತೆ ಬಿಕ್ಕಿದಳು. ಅಜೀಮ್ ಇನ್‌ಸ್ಪೆಕ್ಟರ್ ಮೇಜಿನ ಹತ್ತಿರ ಹೋದ.

"ಇನ್ನೊಬ್ಬ ಬಂದಿದ್ದ ಸಾರ್. ಇವರು ಎದ್ದು ಹೋದ ಮೇಲೆ. ನಾನೇ ಬರಕಳಲಿಲ್ಲ."

"ಬರದು ಕೊಡ್ತೀಯೇನು? ಲೈಸೆನ್ಸ್ ಹೋಗ್ತೈತೆ, ಗೊತ್ತಲ್ಲ?"

"ಗೊತ್ತು ಸಾರ್."

ಬರೆದುಕೊಟ್ಟ. ಪೊಲೀಸರು ಅಜ್ಜಿ, ಮೊಮ್ಮಗಳಿಬ್ಬರನ್ನೂ ಮನೆಗೆ ಕಳಿಸಿದರು. ಗೇಟಿನ ಹತ್ತಿರ ಕೆಂಚಕ್ಕ ಕೇಳಿದಳು: "ನನ್ನ ಹೆಸರು ಹೊಡದಾಕ್ತಾರೇನಪ್ಪ?"

"ಪುಸ್ತಕ ಅವರತ್ರನೇ ಐತೆ ಅಜ್ಜಿ," ಅಂದ ಅಜೀಮ್. ಅದಕ್ಕಿಂತ ಹೆಚ್ಚಿಗೆ ಅವನಿಗೂ ತಿಳಿದಿರಲಿಲ್ಲ.

ವಾರದೊಳಗೆ ಅಂಗಡಿಗೆ ಬೀಗ ಬಿತ್ತು. ಚೌಕಳಿ ಅಂಗಿಯವನು ಸಿಗಲೇ ಇಲ್ಲ. "ಸುಮ್ಮನಿದ್ದಿದ್ರೆ ಆಗ್ತಿತ್ತು," ಅಂದಳು ಹೆಂಡತಿ ಫರೀಹಾ. ಸ್ವಲ್ಪ ಹೊತ್ತಿನ ಮೇಲೆ ತಾನೇ, "ಆಗ್ತಿರಲಿಲ್ಲ ಬಿಡ್ರಿ," ಅಂದು ಊಟಕ್ಕೆ ಕರೆದಳು.

ಕಂಪ್ಯೂಟರುಗಳನ್ನು ಭರಮಸಾಗರದ ಟೈಪಿಂಗ್ ಶಾಲೆಯವರು ಕೊಂಡುಹೋದರು. ಅಜೀಮ್ ಭಾವಮೈದುನನ ಮೊಬೈಲ್ ಅಂಗಡಿ ಸೇರಿದ. ಅಲ್ಲೂ ಸಿಮ್ ಬೇಕೆಂದರೆ ಫೋಟೊ ಬೇಕು, ವಿಳಾಸದ ದಾಖಲೆ ಬೇಕು. ಅಜೀಮ್ ಕೇಳುತ್ತಾನೆ. ದೂರದ ಹಳ್ಳಿಯಿಂದ ಬಂದವರು, ದಾಖಲೆ ಇಲ್ಲದವರು ಕೈಮುಗಿದು ಗೋಗರೆಯುತ್ತಾರೆ. "ನಾಳೆ ತರ್ರಿ," ಅನ್ನುತ್ತಾನೆ, ಅವರ ಮುಖ ನೋಡದೆ.