ಖಾತುನಬಿ ಒರೆಸದೆ ಬಿಟ್ಟ ಧೂಳು

ಎಪ್ಪತ್ತರ ದಶಕದಲ್ಲಿ ಸಿಂದಗಿಯಲ್ಲಿ ಮದುವೆಯಾದವರಲ್ಲಿ ಅರ್ಧದಷ್ಟು ಮಂದಿ ಖಾತುನಬಿಗೆ ಇನ್ನೂ ಕೂಲಿ ಬಾಕಿ ಇಟ್ಟಿದ್ದಾರೆ. ರೊಕ್ಕದ ಮಾತಲ್ಲ ಇದು. ರೊಕ್ಕವನ್ನು ಚೌಕಾಸಿ ಮಾಡಿಯಾದರೂ ಅಂದೇ ಕೊಟ್ಟಿದ್ದಾರೆ. ಬಾಕಿ ಉಳಿದಿರುವುದು ಒಂದು ಒಪ್ಪಿಗೆ. ವರನ ಕಡೆಯವರು ಮೆಚ್ಚಿದ ಆ ನುಣುಪಾದ ಗಲ್ಲ, ಸಿಡುಬಿನ ಗುರುತಿಲ್ಲದ ಹಣೆ, ಹುಣ್ಣಿಮೆಯಂಥ ಮೈಬಣ್ಣ ಇವು ಯಾವುವೂ ದೇವರು ಕೊಟ್ಟವಲ್ಲ, ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯ ಫೋಟೋ ಸ್ಟುಡಿಯೊದಲ್ಲಿ ಕುಳಿತ ಒಬ್ಬ ಹೆಂಗಸಿನ ಪೆನ್ಸಿಲ್ ಕೊಟ್ಟವು ಎಂಬ ಒಪ್ಪಿಗೆ. ಅದನ್ನು ಬಾಯಿಬಿಟ್ಟು ಹೇಳಿದವರನ್ನು ಈವರೆಗೆ ಯಾರೂ ಕಂಡಿಲ್ಲ.

ಅವಳ ನಾಲಿಗೆಯ ತುದಿ ಕಪ್ಪಗಿತ್ತು. ಕೂದಲೆಳೆಯಂಥ ಕುಂಚವನ್ನು ಮಸಿಯಲ್ಲಿ ಅದ್ದಿ, ಮೊನೆ ಚೂಪಾಗಲೆಂದು ನಾಲಿಗೆಗೆ ಒತ್ತಿ, ಆಮೇಲೆ ಫೋಟೋದ ಮೇಲಿಡುವ ಅಭ್ಯಾಸ ವರುಷಗಟ್ಟಲೆ ನಡೆದು, ಎಲೆಯಡಿಕೆಯ ಕೆಂಪಿಗೂ ಜಗ್ಗದ ಒಂದು ಕಲೆ ಅಲ್ಲಿ ಕೂತುಬಿಟ್ಟಿತ್ತು. ಕರಿನಾಲಿಗೆಯವರು ನುಡಿದದ್ದು ನಿಜವಾಗುತ್ತದೆಂದು ಅಂಜುವ ಊರಿನಲ್ಲಿ ಇದು ಸಣ್ಣ ಸಂಗತಿಯಲ್ಲ. ಮಗಳ ಫೋಟೋ ಒಯ್ಯಲು ಬಂದ ಹಿರಿಯರು, "ಖಾತುನವ್ವಾ, ಮೊದಲ ಒಂದ್ ಛಲೋ ಮಾತು ಆಡಿಬಿಡವ್ವಾ" ಎಂದು ಕೈಮುಗಿಯುವರು. "ಛಲೋ ಮಾತು ಬ್ಯಾರೆ, ಛಲೋ ಫೋಟೋ ಬ್ಯಾರೆ. ಯಾವ್ದರ ಒಂದು ತಗೊಂಡು ಹೋಗ್ರಿ" ಎಂದು ಅವಳು ತಲೆಯೆತ್ತದೆ ಹೇಳುವಳು.

ಸೀರೆಯ ಮೇಲೆ ತಮ್ಮನ ಹಳೆಯ ಖಾಕಿ ಕೋಟು, ಅದರ ಕಿಸೆಗಳ ತುಂಬ ಮುರಿದ ಬ್ಲೇಡು, ಕೆತ್ತಿದ ಪೆನ್ಸಿಲು, ಸುಣ್ಣದ ಡಬ್ಬಿ. ರಸ್ತೆಯಲ್ಲಿ ನಡೆಯುವಾಗಲೂ ಗೋಡೆಗೆ ಹೊಂದಿಕೊಂಡೇ ನಡೆಯುವಳು; ಯಾರ ಮುಖದ ಬೆಳಕಿಗೂ ಅಡ್ಡ ಬರಬಾರದೆಂಬ ಕಸುಬಿನ ಎಚ್ಚರ ಕಾಲಿಗೂ ಇಳಿದಿತ್ತು. ಅಂಗಡಿಗಳ ಬೋರ್ಡು ಬರೆಯುತ್ತಿದ್ದ ಅಪ್ಪನಿಂದ ಬಂದ ಕೈ ಅವಳದು. ಸ್ಟುಡಿಯೊ ಮಾತ್ರ ಗೆಳತಿ ಇಂದುಬಾಯಿಯದು. ಇಂದುಬಾಯಿಯ ಗಂಡ ತೀರಿಕೊಂಡ ಮೇಲೆ ಅತ್ತೆಮನೆಯವರು ಸ್ಟುಡಿಯೊದ ಬಾಗಿಲಿಗೆ ಕೀಲಿ ಹಾಕಿದರು. ಇಬ್ಬರೂ ಹೋಗಿ ಕಲ್ಲಿನಿಂದ ಆ ಕೀಲಿ ಒಡೆದರು. ಅಂದಿನಿಂದ ತೆಗೆಯುವವಳು ಇಂದುಬಾಯಿ, ತಿದ್ದುವವಳು ಖಾತುನಬಿ.

ಆ ತಿದ್ದುಪಡಿಯನ್ನು ನೋಡುವುದೇ ಇಂದುಬಾಯಿಗೆ ಒಂದು ಸೋಜಿಗ. ನೆಗೆಟಿವಿನಲ್ಲಿ ಎಲ್ಲವೂ ತಿರುಗುಮುರುಗು: ಕೂದಲು ಬೆಳ್ಳಗೆ, ಹಲ್ಲು ಕರ್ರಗೆ. ಅಲ್ಲಿ ಪೆನ್ಸಿಲಿನಿಂದ ಕಪ್ಪು ತುಂಬಿದಷ್ಟೂ ಇಲ್ಲಿ ಕಾಗದದ ಮೇಲೆ ಮುಖ ಬೆಳಗುತ್ತದೆ. ಖಾತುನಬಿ ಮನುಷ್ಯರನ್ನು ಹಾಗೆ ತಿರುವುಮುರುವಾಗಿಯೇ ಓದಬಲ್ಲವಳಾಗಿದ್ದಳು. ಆದರೆ ಅವಳದೊಂದು ಹಟವಿತ್ತು. ಫೋಟೋದಲ್ಲಿರುವವರು ಆ ಗಳಿಗೆಯಲ್ಲಿ ಏನು ಮಾಡುತ್ತಿದ್ದರೆಂದು ತಿಳಿಯದೆ ಪೆನ್ಸಿಲ್ ಹಿಡಿಯುವವಳಲ್ಲ. ಅಳುವನ್ನು ನುಂಗಿ ನಿಂತವಳ ಗಲ್ಲ ಬೇರೆ, ಹಸಿವು ತಡೆದು ನಿಂತವಳ ಗಲ್ಲ ಬೇರೆ ಎನ್ನುವಳು.

ಎಪ್ಪತ್ತೆಂಟರ ಚಳಿಗಾಲದಲ್ಲಿ ಹುಡುಗಿಯರ ಖೋ-ಖೋ ಪಂದ್ಯಗಳು ಸಿಂದಗಿಯ ಮೈದಾನದಲ್ಲಿ ನಡೆದವು. ಇಂಡಿ, ಮುದ್ದೇಬಿಹಾಳ, ಬಾಗೇವಾಡಿಗಳಿಂದ ತಂಡಗಳು ಬಂದಿದ್ದವು. ಫೋಟೋ ತೆಗೆಯುವ ಕೆಲಸ ಇಂದುಬಾಯಿಗೆ ಬಂತು. ಅವಳದು ಎದೆಗೆ ಆನಿಸಿ, ತಲೆ ಬಗ್ಗಿಸಿ ಮೇಲಿನಿಂದ ನೋಡುವ ಎರಡು ಕಣ್ಣಿನ ಕ್ಯಾಮರಾ. ಅದರ ಗಾಜಿನಲ್ಲಿ ಬಲಕ್ಕೆ ಓಡುವವಳು ಎಡಕ್ಕೆ ಓಡುತ್ತಾಳೆ. ಕುರ್ಚಿಯ ಮೇಲೆ ಕಲ್ಲಾಗಿ ಕೂತವರನ್ನಷ್ಟೇ ತೆಗೆದು ಅಭ್ಯಾಸವಿದ್ದ ಇಂದುಬಾಯಿ, ಹುಡುಗಿ ಬಲಕ್ಕೆ ಹೋದಾಗ ಕ್ಯಾಮರಾವನ್ನು ಎಡಕ್ಕೆ ತಿರುವಿದಳು. ಮೊದಲ ರೋಲು ತೊಳೆದು ನೋಡಿದರೆ ಎರಡು ಕಂಬ, ಒಂದು ನಾಯಿ, ಉಳಿದದ್ದು ಧೂಳು.

"ಇಂದೂ, ಆಟ ತಗದೀಯೋ, ರಾಶಿ ತೂರೋದು ತಗದೀಯೋ?"

"ನಗಬ್ಯಾಡ ಬೇ. ಆ ಕನ್ನೊಳ್ಳಿ ಹುಡಿಗಿ ನಿಂದರಾಂಗಿಲ್ಲ. ಕಣ್ಣ ಮುಂದ ಇರ್ತಾಳ, ಒತ್ತೂದ್ರಾಗ ಇರಾಂಗಿಲ್ಲ."

"ನಾಳೆ ನಾ ಬರ್ತೇನಿ. ನೀ ಬರೇ ಒತ್ತು. ನೋಡೂದು ನಂದು."

ಮರುದಿನ ಖಾಕಿ ಕೋಟಿನ ಹೆಂಗಸು ಮೈದಾನದ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತಳು. ಎಲ್ಲರೂ ಓಡುವವರನ್ನು ನೋಡುತ್ತಿದ್ದರೆ, ಇವಳ ಕಣ್ಣು ಸಾಲಾಗಿ ಕುಳಿತ ಹುಡುಗಿಯರ ಹಿಮ್ಮಡಿಗಳ ಮೇಲಿತ್ತು. ಬೆನ್ನಿಗೆ 'ಖೋ' ಎಂಬ ತಟ್ಟು ಬೀಳುವ ಮೊದಲೇ, ಏಳಬೇಕಾದವಳ ಹಿಮ್ಮಡಿ ನೆಲ ಬಿಡುತ್ತದೆ. ಅದನ್ನು ಕಂಡೊಡನೆ ಇವಳು ಇಂದುಬಾಯಿಯ ಸೊಂಟಕ್ಕೆ ತಿವಿಯುವಳು. ಅವಳು ಗಾಜಿನಲ್ಲಿ ಏನು ಕಾಣುತ್ತದೆಂದು ನೋಡದೆ ಗುಂಡಿ ಒತ್ತುವಳು. ಒಬ್ಬಳ ಕಣ್ಣು, ಇನ್ನೊಬ್ಬಳ ಬೆರಳು. ಸಂಜೆಗೆ ಇಂದುಬಾಯಿಯ ಸೊಂಟ ಕಂದಿತ್ತು.

ಕತ್ತಲೆಕೋಣೆಯ ಕೆಂಪು ದೀಪದಡಿ, ತಟ್ಟೆಯ ನೀರಿನಲ್ಲಿ ಕಾಗದದ ಮೇಲೆ ಮೊದಲು ಒಂದು ಜಡೆ ಮೂಡಿತು, ಆಮೇಲೆ ಚಾಚಿದ ಕೈ, ಆಮೇಲೆ ಆ ಕನ್ನೊಳ್ಳಿಯ ಹುಡುಗಿ ಹೊನ್ನವ್ವ. ಪರಕಾರದ ಲಂಗವನ್ನು ಕಚ್ಚೆಯಂತೆ ಕಟ್ಟಿ, ಬಾಯಿ ತೆರೆದು, ಎರಡೂ ಪಾದ ನೆಲ ಬಿಟ್ಟು, ಎದುರಾಳಿಯ ಬೆನ್ನಿಗೆ ಒಂದು ಬೆರಳಷ್ಟು ದೂರದಲ್ಲಿ ಗಾಳಿಯಲ್ಲಿ ನಿಂತುಬಿಟ್ಟಿದ್ದಳು. ಸುತ್ತ ಧೂಳು ಎದ್ದು ಬೆಳಕನ್ನು ಹಿಡಿದಿತ್ತು. ಇಂದುಬಾಯಿ ಕಾಗದವನ್ನು ಚಿಮುಟದಿಂದ ಎತ್ತಿ ಹಿಡಿದಳು. ಖಾತುನಬಿ, "ಯಾ ಅಲ್ಲಾ, ಇದನ್ನ ನಾವು ತಗದ್ವೇನು?" ಎಂದಳು.

ಎಂಟು ದಿನದಲ್ಲಿ ಹುಡುಗಿಯ ತಂದೆ ರೇವಪ್ಪ ಬಂದ. ಕನ್ನೊಳ್ಳಿಯ ಕುರಿಗಾರ, ಹೆಗಲ ಮೇಲೆ ಕಂಬಳಿ. ಹೊನ್ನವ್ವನನ್ನು ಜಿಲ್ಲಾ ತಂಡಕ್ಕೆ ಆರಿಸಿದ್ದರು, ಬಿಜಾಪುರಕ್ಕೆ ಕಳಿಸಬೇಕಿತ್ತು. ಅಷ್ಟರಲ್ಲೇ ನಿಡಗುಂದಿಯಿಂದ ಸಂಬಂಧವೂ ಬಂದಿತ್ತು. ಅವರು ಫೋಟೋ ಕೇಳಿದ್ದರು. ಫೋಟೋ ಒಪ್ಪಿಗೆಯಾದರೆ ನಿಶ್ಚಯ, ನಿಶ್ಚಯವಾದರೆ ಆಟಕ್ಕೆ ಪೂರ್ಣವಿರಾಮ. ಹುಡುಗಿಯನ್ನು ಅವನು ಎರಡು ಸಲ ಸ್ಟುಡಿಯೊಕ್ಕೆ ಎಳೆದು ತಂದಿದ್ದ. ಹೂಕುಂಡದ ಪಕ್ಕ ನಿಲ್ಲಿಸಿದರೆ ಅವಳು ಅಲುಗಿದಳು. ಎರಡು ಸಲವೂ ಮುಖ ಹೊಗೆಯಂತೆ ಮಸುಕಾಗಿತ್ತು.

"ಈ ಹಾರೂ ಫೋಟೋದಾಗಿನ ಮಾರಿ ಕತ್ತರಿಸಿ, ಯಾರದರ ಸೀರಿ ಉಟ್ಟ ಮೈಗೆ ಹಚ್ಚವ್ವಾ," ಎಂದ ರೇವಪ್ಪ, ಮೇಜಿನ ಮೇಲಿದ್ದ ಆಟದ ಫೋಟೋ ತೋರಿಸಿ. "ಮೋರಟಗಿ ಹುಡಿಗಿಗಿ ಹಂಗಽ ಮಾಡಿ ಕೊಟ್ಟಿಯಂತಲ್ಲ."

ಮಾಡಿ ಕೊಟ್ಟಿದ್ದು ನಿಜ. ಇದಕ್ಕೂ ಖಾತುನಬಿ ಹೂಂ ಎಂದಳು. ಉಪದೇಶ ಮಾಡುವ ಚಟ ಅವಳಿಗಿರಲಿಲ್ಲ, ಹೊಟ್ಟೆಪಾಡು ಇತ್ತು. ಬ್ಲೇಡಿನಿಂದ ಮುಖ ಕತ್ತರಿಸಿ, ಇಳಕಲ್ ಸೀರೆ ಉಟ್ಟು ಕುರ್ಚಿ ಹಿಡಿದು ನಿಂತ ಒಬ್ಬ ಮೈಗೆ ಅಂಟಿಸಿದಳು. ಆ ನಿಂತ ಮೈಯ ಮೇಲೆ ಆ ಓಡುವ ಮುಖ, ಎದುರಿಗೆ ಹಾವು ಕಂಡವಳಂತೆ ಕಂಡಿತು. ಬಾಯಿ ಮುಚ್ಚಿಸಿದಳು. ಕಣ್ಣು ಇಳಿಸಿದಳು. ಉಬ್ಬಿದ ಕೊರಳ ನರ ಅಳಿಸಿದಳು, ಬೆವರು ಒರೆಸಿದಳು. ಎಲ್ಲ ಒಪ್ಪವಾಯಿತು. ಆಮೇಲೆ ಇಂದುಬಾಯಿಯನ್ನು ಕರೆದಳು.

"ಇದು ಯಾರು, ಹೇಳು?"

ಇಂದುಬಾಯಿ ಕನ್ನಡಕ ಏರಿಸಿ, ಇಳಿಸಿ ನೋಡಿದಳು. "ಯಾರೋ... ನಮ್ಮ ಕಡೀ ಮಂದಿ ಅಲ್ಲ."

"ಎಲ್ಲೀ ಮಂದೀನೂ ಅಲ್ಲ. ಕೈಯಾರೆ ಒಂದ್ ಹುಡಿಗೀನ ಮುಗಿಸಿ ಕುಂತೇನಿ," ಎಂದು ಅದನ್ನು ಹರಿದು ಒಲೆಗೆ ಹಾಕಿದಳು.

ಹಾರುವ ಫೋಟೋವನ್ನೇ ಮತ್ತೆ ಪ್ರಿಂಟ್ ಹಾಕಿಸಿದಳು. ಅದರಿಂದ ಗೋಡೆ ಏರಿ ಕೂತ ಪಡ್ಡೆಗಳನ್ನು ಅಳಿಸಿದಳು, ಕಂಬ ಅಳಿಸಿದಳು, ಧೂಳು ಅಳಿಸಿದಳು. ಬೆಳ್ಳನೆಯ ಬಯಲಲ್ಲಿ ಹುಡುಗಿಯೊಬ್ಬಳೇ ಉಳಿದಳು. ರೇವಪ್ಪ ಬಂದಾಗ ಅದನ್ನೇ ಮುಂದಿಟ್ಟಳು.

"ಏನವ್ವಾ ಇದು? ಸೀರಿ ಎಲ್ಲೈತಿ? ಹಿಂಗ ಬಾಯಿ ತಗದು ಹಾರೂ ಹುಡಿಗೀನ ಯಾರ್ ಮಾಡ್ಕೋತಾರ?"

"ಮಾಡ್ಕೊಳ್ಳೋರು ಇದನ್ನ ನೋಡಿ ಮಾಡ್ಕೊಳ್ಳಲಿ ಅಣ್ಣಾ. ಸೀರಿ ಉಟ್ಟಾಕಿ ನಿನ್ನ ಮಗಳಲ್ಲ. ನಾ ಮಾಡಿ ನೋಡೇನಿ, ಆಗಲಿಲ್ಲ."

ಖಾತುನಬಿಯ ಬಾಯಿಂದ 'ಆಗಲಿಲ್ಲ' ಎಂಬ ಮಾತು ಊರು ಕೇಳಿದ್ದೇ ಇಲ್ಲ. ರೇವಪ್ಪ ಬೈಯಲು ತೆರೆದ ಬಾಯನ್ನು ಹಾಗೇ ಮುಚ್ಚಿ ಫೋಟೋವನ್ನು ಬಾಗಿಲ ಬೆಳಕಿಗೆ ಒಯ್ದ. ಮಗಳ ತೆರೆದ ಬಾಯಿಯ ಮೇಲೆ ಬೆರಳಾಡಿಸಿದ.

"ನಮ್ಮವ್ವ ಗುರವ್ವ ಹಿಂಗಽ ಓಡ್ತಿದ್ಲು," ಎಂದ. "ತೋಳ ಹಟ್ಟಿಗಿ ಬಿದ್ದಾಗ. ಬಾಯಿ ಹಿಂಗಽ ತಗದು. ಆಕೀದೊಂದು ಫೋಟೋ ಇಲ್ಲ ನಮ್ಮ ಹಂತೇಲಿ." ಆಮೇಲೆ ತಿರುಗಿ ಜಗಳಕ್ಕೆ ನಿಂತ: "ಧೂಳ ಯಾಕ ಒರಸೀದಿ? ನೆಲಾ ಇಲ್ದಾಂಗ ಓಡಾಕ ನನ್ನ ಮಗಳೇನು ದೆವ್ವೇನು?"

ಖಾತುನಬಿ ಅವನನ್ನೇ ನೋಡಿದಳು. ನಕ್ಕಳು. ಆ ಫೋಟೋವನ್ನೂ ಹರಿದಳು. ನೆಗೆಟಿವಿಗೆ ಅವಳ ಪೆನ್ಸಿಲ್ ತಾಕಿರಲಿಲ್ಲ. ಇಂದುಬಾಯಿಗೆ ಹೇಳಿ ಹೊಸ ಪ್ರಿಂಟ್ ಹಾಕಿಸಿ, ಒಂದು ಗೆರೆಯನ್ನೂ ಎಳೆಯದೆ, ಕಂಬ, ಪಡ್ಡೆಗಳು, ಧೂಳು ಎಲ್ಲ ಇದ್ದ ಹಾಗೇ ಅವನ ಕೈಗಿಟ್ಟಳು. ಆ ಸ್ಟುಡಿಯೊದಿಂದ ತಿದ್ದದೆ ಹೊರಬಿದ್ದ ಮೊದಲ ಫೋಟೋ ಅದು. ರೇವಪ್ಪ ಅದನ್ನು ಕಂಬಳಿಯ ಮಡಿಕೆಯಲ್ಲಿಟ್ಟುಕೊಂಡು ಮನೆಗೆ ಒಯ್ದ, ನಿಡಗುಂದಿಗೆ ಕಳಿಸಲಿಲ್ಲ. ಹೊನ್ನವ್ವ ಬಿಜಾಪುರಕ್ಕೆ ಹೋದಳು. ಅಲ್ಲಿ ತಂಡ ಸೋತಿತು. ಸೋತರೂ ಮುಂದಿನ ವರ್ಷ ಮತ್ತೆ ಹೋದಳು.

ತಿದ್ದಿ ಬದುಕುವವರನ್ನು ಸುಳ್ಳುಗಾರರೆಂದು ಜರೆಯುವುದು ಸುಲಭ. ಆದರೆ ಸುಳ್ಳನ್ನು ಕೇಳಿ ಬಾಗಿಲಿಗೆ ಬಂದದ್ದು ಊರು. ತಿದ್ದುವವರು ಅದನ್ನು ಹೊಲಿದು ಕೊಟ್ಟರು, ಅಷ್ಟೆ. ದಿನವಿಡೀ ಮುಖಗಳನ್ನು ಮುಚ್ಚುವವರಿಗೇ ಮುಚ್ಚಬಾರದ ಮುಖ ಯಾವುದೆಂದು ಗೊತ್ತಿರುತ್ತದೆ, ಮತ್ತು ಆ ಮುಖದ ಮುಂದೆ ತಮ್ಮ ಕಸುಬನ್ನು ಕೆಳಗಿಡುವ ಎದೆ ಅವರಲ್ಲಿ ಕೆಲವರಿಗೆ ಇರುತ್ತದೆ. ಹೆಣ್ಣುಮಕ್ಕಳ ಪರವಾಗಿ ಮೆರವಣಿಗೆಗಳಲ್ಲಿ ಕೂಗಿ ಗಂಟಲು ಹರಿದುಕೊಂಡ ನಮ್ಮಲ್ಲಿ ಅಂಥ ಎದೆಯವರು ಎಷ್ಟಿದ್ದೆವೋ, ನಮಗೇ ಗೊತ್ತು.

ಈಗ ನೀವು ಎದ್ದು ನಿಮ್ಮ ಮನೆಯ ಗೋಡೆ ನೋಡಿರಿ. ಅವ್ವ, ಅಜ್ಜಿ, ಹೆಂಡತಿ, ಮಗಳು: ಎಲ್ಲರೂ ಉಸಿರು ಬಿಗಿಹಿಡಿದು ನಿಂತವರೇ. ಅವರಲ್ಲಿ ಒಬ್ಬಳಾದರೂ ಓಡುತ್ತಿದ್ದಾಳೆಯೇ, ಬಾಯಿ ತೆರೆದು ಕೂಗುತ್ತಿದ್ದಾಳೆಯೇ? ಇಲ್ಲವಾದರೆ ಇಂದೇ ಹೊರಗೆ ಹೋಗಿ, ಅವಳು ತನ್ನ ಕೆಲಸದಲ್ಲಿ, ತನ್ನ ಆಟದಲ್ಲಿ ಇರುವಾಗ ಒಂದು ಫೋಟೋ ತೆಗೆಯಿರಿ. ತೆಗೆದದ್ದನ್ನು ಇದ್ದ ಹಾಗೇ ತೂಗುಹಾಕಿರಿ.