ಬೆವರುವ ಪೆಪ್ಪರಮೆಂಟು

ಅಂಗಡಿಯವನು ಗಾಜಿನ ಡಬ್ಬಗಳನ್ನು ತಂದು ದೊಡ್ಡಕ್ಕನ ಮುಂದೆ ಕುಕ್ಕಿದ. ಒಳಗೆ ಪೆಪ್ಪರಮೆಂಟುಗಳು ಒಂದಕ್ಕೊಂದು ಕಚ್ಚಿಕೊಂಡು ಹೆಂಟೆಯಾಗಿದ್ದವು.

"ದೊಡ್ಡಕ್ಕೋರೇ, ಇದನ್ನ ಮಕ್ಕಳಿಗೆ ಕೊಡೋದೋ, ಗೋಡೆಗೆ ಕ್ಯಾಲೆಂಡರ್ ಅಂಟಿಸೋಕೆ ಇಟ್ಕೊಳ್ಳೋದೋ, ನೀವೇ ಹೇಳಿ."

ದೊಡ್ಡಕ್ಕ ಒಂದು ಡಬ್ಬದ ಮುಚ್ಚಳ ತೆಗೆದು ನೋಡಿದಳು. ಪೆಪ್ಪರಮೆಂಟು ಬೆವರುವುದೆಂದರೆ ಅವರ ಕಸುಬಿನಲ್ಲಿ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಗಾಜಿನಂತೆ ಹೊಳೆಯಬೇಕಾದ ತುಂಡು ಗಾಳಿಯ ತೇವ ಹೀರಿ ಅಂಟಂಟಾಗುತ್ತದೆ. ಮಳೆಗಾಲದಲ್ಲಿ ಅಲ್ಲೊಂದು ಇಲ್ಲೊಂದು ಡಬ್ಬ ಹಾಳಾಗುವುದು ಇದ್ದದ್ದೇ. ಆದರೆ ಆ ವರ್ಷ ಮಳೆ ಹಿಡಿದದ್ದು ಬಿಡಲಿಲ್ಲ, ಮಾಡಿದ್ದೆಲ್ಲ ಬೆವರತೊಡಗಿತ್ತು.

ಮನೆಯ ಹಿಂದಿನ ಕೋಣೆಯೇ ಅವರ ಕಾರ್ಖಾನೆ. ಎರಡು ದೊಡ್ಡ ಗ್ಯಾಸ್ ಒಲೆ, ತಾಮ್ರದ ಬಾಣಲೆಗಳು, ಪಾಕ ಸುರಿದು ಆರಿಸುವ ಕಲ್ಲಿನ ಹಾಸು. ದೊಡ್ಡಕ್ಕ ಈ ಕೆಲಸ ಕಲಿತದ್ದು ಅಪ್ಪನಿಂದ. ಮದುವೆಯಾಗಲಿಲ್ಲ, ಆ ಒಲೆಯ ಮುಂದೆಯೇ ಕೂದಲು ನೆರೆಯಿತು. ಭುಜ ಕೈಕೊಟ್ಟ ಮೇಲೆ ಪಾಕ ಕಾಯಿಸುವುದನ್ನು ತಮ್ಮನ ಹೆಂಡತಿಗೆ ಬಿಟ್ಟು, ತಾನು ಬೀದಿಬಾಗಿಲ ಪಕ್ಕ ಕುಳಿತು ತುಂಡುಗಳಿಗೆ ಕಾಗದ ಸುತ್ತುತ್ತಿದ್ದಳು. ತಮ್ಮ ಮಾಲು ತೆಗೆದುಕೊಂಡು ಅಂಗಡಿ ಅಂಗಡಿ ತಿರುಗುತ್ತಿದ್ದ. ಅವನ ಹೆಂಡತಿ ಆಳಿನಲ್ಲಿ ಸಣ್ಣಗಿದ್ದುದರಿಂದ ಮನೆಯವರೆಲ್ಲರ ಬಾಯಲ್ಲಿ ಸಣ್ಣಿ.

ಆ ಕೋಣೆಗೆ ಫ್ಯಾನು ಹಾಕಿಸಿದ್ದು ಸಣ್ಣಿಯೇ. ಗಂಡನಿಗೆ ಗಂಟುಬಿದ್ದು, ಗೋಡೆ ಕೊರೆಸಿ, ಹಬೆ ಹೊರಗೆ ತಳ್ಳುವ ಫ್ಯಾನು ಕೂರಿಸಿದ್ದಳು. ದೊಡ್ಡಕ್ಕನಿಗೆ ಅದು ಮೊದಲಿನಿಂದಲೂ ಕಣ್ಣಿಗೆ ಬಿದ್ದ ಕಸ.

"ಅಪ್ಪ ಇದ್ದಾಗ ಯಾವ ಫ್ಯಾನಿತ್ತು? ಪಾಕ ಇಳಿಸಿದ ಮೇಲೆ ಹೊರಗಿನ ಗಾಳಿ ಸೋಕಬಾರದು ಅಂತ ಬಡ್ಕೊಳ್ತಿದ್ದ. ನೀವು ಗೋಡೆಗೇ ತೂತು ಕೊರೆದು ಗಾಳಿನ ಊಟಕ್ಕೆ ಕರೆದಿದ್ದೀರಿ."

ಅಪ್ಪ ಹೇಳಿದ್ದು ಸುಳ್ಳಲ್ಲ. ಆದರೆ ಅಪ್ಪನ ಕಾಲದಲ್ಲಿ ಆ ಕೋಣೆಗೆ ಹೆಂಚಿನ ಚಾವಣಿಯಿತ್ತು. ಕಿಟಕಿ ಮುಚ್ಚಿದರೂ ಹಬೆ, ಹೊಗೆ ಹೆಂಚಿನ ಸಂದಿಗಳಿಂದ ತಾವೇ ಹೋಗುತ್ತಿದ್ದವು. ಈಗ ಮೇಲೆ ಸಿಮೆಂಟಿನ ಚಾವಣಿ. ಆ ವ್ಯತ್ಯಾಸ ಮನೆಯಲ್ಲಿ ಯಾರ ತಲೆಗೂ ಹೊಳೆದಿರಲಿಲ್ಲ.

ಡಬ್ಬಗಳು ವಾಪಸು ಬಂದ ದಿನವೇ ದೊಡ್ಡಕ್ಕ ಫ್ಯಾನು ನಿಲ್ಲಿಸಿ, ಅದರ ತೂತಿಗೆ ಗೋಣಿಚೀಲ ತುರುಕಿ, ಮೇಲೊಂದು ಪ್ಲಾಸ್ಟಿಕ್ ಹಾಳೆ ಅಂಟಿಸಿದಳು. ಕಿಟಕಿ ಹೇಗೂ ಮುಚ್ಚಿತ್ತು. ಬಾಗಿಲಿಗೂ ದಪ್ಪ ಪರದೆ ಬಿತ್ತು.

"ಮಳೆ ನಿಲ್ಲೋವರೆಗೆ ಅಷ್ಟೇ," ಎಂದಳು. ತಮ್ಮ ನೋಡಿದ, ಸುಮ್ಮನಿದ್ದ. ಅಕ್ಕನಿಗೂ ಹೆಂಡತಿಗೂ ನಡುವೆ ಸುಮ್ಮನಿರುವುದು ಅವನಿಗೆ ಉಸಿರಾಡಿದಷ್ಟೇ ರೂಢಿ.

ಮಾರನೆಯ ಮಧ್ಯಾಹ್ನ ಸಣ್ಣಿ ಹಣೆ ಒತ್ತಿಕೊಂಡು ಹೊರಗೆ ಬಂದಳು.

"ದೊಡ್ಡಕ್ಕ, ತಲೆ ಸಿಡಿದುಹೋಗ್ತಿದೆ. ಹೊಟ್ಟೆ ತೊಳಸ್ತಿದೆ. ಆ ಗೋಣಿ ತೆಗೆದುಬಿಡ್ಲಾ?"

"ತೆಗಿ. ಆಮೇಲೆ ಬೆವರಿದ ಪೆಪ್ಪರಮೆಂಟನ್ನ ನೀನೇ ಕೂತು ಚೀಪು."

"ಇಲ್ಲ, ನಿಜವಾಗ್ಲೂ ಆಗ್ತಿಲ್ಲ. ಕಾಲು ನಡುಗುತ್ತೆ."

"ಗ್ಯಾಸ್ ವಾಸನೆ ಬರ್ತಿದ್ಯಾ?"

"ವಾಸನೆ ಏನಿಲ್ಲ."

"ಮತ್ತೆ?"

ಆದರೂ ತಮ್ಮ ಒಂದು ಬಟ್ಟಲಲ್ಲಿ ಸೋಪಿನ ನೀರು ಕಲಸಿ ಪೈಪಿಗೆ, ರೆಗ್ಯುಲೇಟರಿಗೆ ಹಚ್ಚಿ ನೋಡಿದ. ಒಂದು ಗುಳ್ಳೆಯೂ ಏಳಲಿಲ್ಲ. ಈ ವಿಷಯದಲ್ಲಿ ಅವರು ಉದಾಸೀನದ ಜನವಲ್ಲ. ಕೆಲಸ ಮುಗಿದರೆ ರೆಗ್ಯುಲೇಟರ್ ಬಂದ್ ಮಾಡುತ್ತಿದ್ದರು, ಪೈಪು ಹಳತಾಗುವ ಮೊದಲೇ ಬದಲಾಯಿಸುತ್ತಿದ್ದರು. ಸೋರಿಕೆ ಇಲ್ಲವೆಂದರೆ ಭಯವಿಲ್ಲ ಎಂದುಕೊಂಡರು. ಗ್ಯಾಸು ಸೋರದೆಯೂ, ಉರಿಗೆ ಸಾಕಷ್ಟು ಗಾಳಿ ಸಿಗದಿದ್ದರೆ, ವಾಸನೆಯೇ ಇಲ್ಲದ ವಿಷವಾಯು ಹುಟ್ಟುತ್ತದೆಂಬುದು ಅವರಿಗೆ ಗೊತ್ತಿರಲಿಲ್ಲ.

"ನೋಡು, ಒಲೆಗೇನೂ ರೋಗ ಇಲ್ಲ," ಎಂದಳು ದೊಡ್ಡಕ್ಕ. "ಕೆಲಸ ಜಾಸ್ತಿ ಇದ್ದಾಗ ಮಾತ್ರ ಬರೋ ತಲೆನೋವು ಇದು. ನಾನು ಜೀವಮಾನವೆಲ್ಲ ಅಲ್ಲೇ ನಿಂತಿದ್ದೆನಲ್ಲೇ, ನನ್ನ ತಲೆ ಏನು ಕಲ್ಲೇನೇ?"

"ಕಲ್ಲೇ ಇರ್ಬೇಕು," ಎಂದು ಸಣ್ಣಿ ಗೊಣಗಿದಳು. ಬೀದಿಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತ ಮೇಲೆ ಅವಳ ಮುಖಕ್ಕೆ ಕಳೆ ಬಂತು. ಅದೂ ದೊಡ್ಡಕ್ಕನಿಗೆ ಸಾಕ್ಷಿಯಾಯಿತು.

"ನೋಡಿದ್ಯಾ, ಬೀದಿ ಕಂಡ ಕೂಡ್ಲೆ ಗುಣ!"

ಆ ವಾರವೆಲ್ಲ ಹೀಗೇ. ಸಣ್ಣಿ ಪರದೆ ಸರಿಸಿಟ್ಟರೆ ದೊಡ್ಡಕ್ಕ ಬಂದು ಎಳೆಯುವಳು. ಪೆಪ್ಪರಮೆಂಟು ಮಾತ್ರ ಬೆವರುತ್ತಲೇ ಇತ್ತು.

ಸಣ್ಣಿ ತಾಯಿಯನ್ನು ನೋಡಲು ತವರಿಗೆ ಹೋದ ದಿನ, ಮಾಲು ನಿಲ್ಲಬಾರದೆಂದು ದೊಡ್ಡಕ್ಕ ತಾನೇ ಒಲೆಯ ಮುಂದೆ ನಿಂತಳು. ಮೊದಲ ಬಾಣಲೆ ಸಲೀಸಾಗಿ ಇಳಿಯಿತು. ಎರಡನೆಯದು ಕುದಿಯುವಾಗ ಉರಿಯ ತುದಿ ಹಳದಿಯಾಗಿದ್ದುದನ್ನು ಕಂಡಳು. ಬಾಣಲೆಯ ತಳಕ್ಕೆ ಮಸಿ ಹತ್ತಿತ್ತು. ಮೊದಲು ಕಣ್ಣಿನ ಹಿಂದೆ ಏನೋ ಒತ್ತಿದಂತಾಯಿತು. ಆಮೇಲೆ ನೆತ್ತಿಯ ಮೇಲೆ ಯಾರೋ ಸುತ್ತಿಗೆ ಇಟ್ಟು ಮೆಲ್ಲಗೆ ಬಡಿದಂತೆ. ಪಾಕದ ಹದ ನೋಡಲು ಸೌಟೆತ್ತಿದರೆ ಕೈ ತನ್ನದಲ್ಲವೆಂಬಂತೆ ನಡುಗಿತು. ಒಲೆ ಆರಿಸಿ, ಗೋಡೆ ಹಿಡಿದು ಹೊರಗೆ ಬಂದು ಬೀದಿಬಾಗಿಲಲ್ಲಿ ಕುಸಿದಳು. ಗಾಳಿ ಬೀಸಿತು. ತಲೆ ನಿಧಾನವಾಗಿ ತಿಳಿಯಾಯಿತು.

ಬೀದಿ ಕಂಡ ಕೂಡಲೆ ಗುಣ. ಅವಳದೇ ಮಾತು.

ಅಷ್ಟರಲ್ಲಿ ತಮ್ಮ ಬಂದ. "ಏನಕ್ಕ, ಮುಖ ಬಿಳುಚಿಕೊಂಡಿದೆ?"

"ಹೊಟ್ಟೆಗೇನೂ ಬಿದ್ದಿಲ್ಲ ಕಣೋ."

ಹೇಳಬಹುದಿತ್ತು. ಗೋಣಿ ಕಿತ್ತು ಬಿಸಾಡಬಹುದಿತ್ತು. ಆದರೆ ಹಾಗೆ ಮಾಡಿದರೆ ವಾರವೆಲ್ಲ ಆಡಿದ ಮಾತುಗಳನ್ನು ವಾಪಸು ತೆಗೆದುಕೊಳ್ಳಬೇಕಿತ್ತು. ಮಳೆ ಬಿಟ್ಟ ದಿನ ಯಾರಿಗೂ ಹೇಳದೆ ತೆಗೆದರಾಯಿತು ಎಂದುಕೊಂಡಳು. ಇಷ್ಟು ದಿನ ತಡೆದ ಸಣ್ಣಿ ಇನ್ನೂ ಸ್ವಲ್ಪ ತಡೆದಾಳು.

ಸಂಜೆ ಸಣ್ಣಿ ಬಂದವಳೇ ಕೇಳಿದಳು. "ಹೇಗಿತ್ತು ದೊಡ್ಡಕ್ಕ? ತಲೆ ನೋಯ್ಲಿಲ್ವಾ?"

ಅವಳ ದನಿಯಲ್ಲಿ ಕುಟುಕಿರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದಳು.

"ನಂಗೇನೂ ಆಗ್ಲಿಲ್ಲಪ್ಪ."

ಸಣ್ಣಿ ತವರಿನಿಂದ ತಂದ ಚೀಲ ಕೆಳಗಿಟ್ಟಳು. "ಹಾಗಾದ್ರೆ ನನ್ನಲ್ಲೇ ಏನೋ ದೋಷ ಇರ್ಬೇಕು," ಎಂದಳು.

ಮರುದಿನ ಎರಡೂ ಒಲೆ ಹೊತ್ತಿಸಿದ್ದರು. ಆ ದಿನ ಸಣ್ಣಿ ಒಮ್ಮೆಯೂ ಹೊರಗೆ ಬರಲಿಲ್ಲ, ಗೊಣಗಲಿಲ್ಲ, ಪರದೆ ಸರಿಸಲಿಲ್ಲ. ಬುದ್ಧಿ ಬಂತು ಎಂದುಕೊಳ್ಳಲು ದೊಡ್ಡಕ್ಕನಿಗೆ ಧೈರ್ಯವಾಗಲಿಲ್ಲ. ಹೋಗಿ ನೋಡಲೂ ಆಗಲಿಲ್ಲ. ಕಾಗದ ಸುತ್ತುತ್ತ ಕಿವಿಯನ್ನು ಹಿಂದಕ್ಕೇ ಇಟ್ಟಿದ್ದಳು. ಸೌಟಿನ ಸದ್ದು ನಿಂತದ್ದು ಯಾವಾಗಲೆಂದು ತಿಳಿಯಲಿಲ್ಲ. ಸಕ್ಕರೆ ಸೀದ ವಾಸನೆ ಬಂದಾಗ ಎದ್ದು ಓಡಿದಳು.

ಸಣ್ಣಿ ಕಲ್ಲಿನ ಹಾಸಿನ ಬುಡಕ್ಕೆ ಒರಗಿಕೊಂಡು ನೆಲದಲ್ಲಿ ಬಿದ್ದಿದ್ದಳು. ಬಾಣಲೆಯಲ್ಲಿ ಪಾಕ ಕಪ್ಪಾಗಿ ಹೊಗೆಯಾಡುತ್ತಿತ್ತು. ದೊಡ್ಡಕ್ಕ ಒಲೆಗಳನ್ನು ತಿರುವಿ ಆರಿಸಿ, ಕೈಕೊಟ್ಟ ಭುಜದಲ್ಲೇ ಆ ಸಣ್ಣ ಮೈಯನ್ನು ಬೀದಿಯವರೆಗೆ ದರದರ ಎಳೆದುಕೊಂಡು ಬಂದಳು. ಕೂಗಿದಳು. ಜನ ಸೇರಿದರು.

ಆಸ್ಪತ್ರೆಯಲ್ಲಿ ಡಾಕ್ಟರು ಎಲ್ಲವನ್ನೂ ಕೇಳಿದರು. "ಗಾಳಿ ಹೋಗೋ ದಾರಿ ಯಾಕೆ ಮುಚ್ಚಿದ್ರಿ?"

"ತೇವ ಬರಬಾರದು ಅಂತ," ಎಂದ ತಮ್ಮ.

"ಉರಿಯೋ ಗ್ಯಾಸೇ ನೀರಾವಿ ಬಿಡುತ್ತಲ್ರೀ. ಮುಚ್ಚಿದಷ್ಟೂ ತೇವ ಒಳಗೇ ಉಳಿಯುತ್ತೆ. ಮೊದಲು ತಲೆನೋವು, ವಾಂತಿ ಅಂತ ಯಾರಾದ್ರೂ ಹೇಳಿದ್ರಾ?"

"ಇವಳೊಬ್ಬಳು ಹೇಳ್ತಿದ್ಲು. ನಾವು ನಂಬಲಿಲ್ಲ." ತಮ್ಮ ನೆಲ ನೋಡುತ್ತ ಹೇಳಿದ. "ತಪ್ಪು ಎಲ್ಲರದ್ದೂ."

"ಬೇರೆ ಯಾರಿಗೂ ಆಗಿರಲಿಲ್ವಾ?"

ದೊಡ್ಡಕ್ಕ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು. ಡಾಕ್ಟರು ಉತ್ತರಕ್ಕೆ ಕಾದು, ಮುಂದಿನ ಹಾಸಿಗೆಗೆ ಹೋದರು.

ಸಣ್ಣಿ ಉಳಿದಳು. ಮನೆಗೂ ಬಂದಳು. ಆದರೆ ಮಿದುಳಿಗೆ ಪೆಟ್ಟಾಗಿತ್ತು. ಹಳೆಯದೆಲ್ಲ ನೆನಪಿತ್ತು: ತವರಿನ ಬೀದಿ, ಗಂಡ, ಪಾಕದ ಹದ. ಹೊಸದು ನಿಲ್ಲುತ್ತಿರಲಿಲ್ಲ. ಮಲಗಿ ಎದ್ದರೆ ಹಿಂದಿನ ದಿನ ಅಳಿಸಿಹೋಗಿರುತ್ತಿತ್ತು. ಕೊಂಚ ಸುಧಾರಿಸಬಹುದು, ಸುಧಾರಿಸದೆಯೂ ಇರಬಹುದು ಎಂದಿದ್ದರು ಡಾಕ್ಟರು.

ಮೊದಲ ಬೆಳಿಗ್ಗೆ ದೊಡ್ಡಕ್ಕ ಹಾಲು ಕುಡಿಸುವಾಗ ಅವಳು ಕೇಳಿದಳು. "ದೊಡ್ಡಕ್ಕ, ನಾನ್ಯಾಕೆ ಹೀಗೆ ಮಲಗಿದ್ದೀನಿ? ನಂಗೇನಾಯ್ತು?"

ದೊಡ್ಡಕ್ಕ ಲೋಟ ಕೆಳಗಿಟ್ಟಳು. ಎಲ್ಲ ಹೇಳಿದಳು. ಗೋಣಿಯ ವಿಷಯ, ತಾನು ಒಲೆಯ ಮುಂದೆ ನಿಂತ ದಿನದ ತಲೆನೋವು, ಸಂಜೆ ಹೇಳಿದ ಸುಳ್ಳು. ಸಣ್ಣಿ ಕಣ್ಣೆವೆ ಇಕ್ಕದೆ ಕೇಳಿದಳು.

"ಗೊತ್ತಿದ್ದೂ ಕಳಿಸಿದ್ರಾ ನನ್ನ?"

ಹಾಗೆಂದು ಗೋಡೆಗೆ ಮುಖ ತಿರುಗಿಸಿ ಬಿಕ್ಕಿದಳು. ಆ ದಿನ ದೊಡ್ಡಕ್ಕನ ಕೈಯಿಂದ ನೀರೂ ಮುಟ್ಟಲಿಲ್ಲ. ದೊಡ್ಡಕ್ಕನಿಗೆ ಅದು ನ್ಯಾಯವೆನಿಸಿತು. ಇನ್ನು ಜೀವ ಇರುವವರೆಗೆ ಇವಳ ಸಿಟ್ಟು ಹೊತ್ತುಕೊಂಡು ಸೇವೆ ಮಾಡುತ್ತೇನೆ ಎಂದು ಮನಸ್ಸು ಗಟ್ಟಿಮಾಡಿಕೊಂಡಳು.

ಮರುದಿನ ಬೆಳಿಗ್ಗೆ ಸಣ್ಣಿ ಅವಳನ್ನು ಕಂಡು ನಕ್ಕಳು. ಹಾಲು ಕುಡಿದಳು. "ದೊಡ್ಡಕ್ಕ, ನಂಗೇನಾಯ್ತು?" ಎಂದಳು.

ದೊಡ್ಡಕ್ಕ ಮತ್ತೆ ಹೇಳಿದಳು. ಮತ್ತೆ ಅದೇ ಪ್ರಶ್ನೆ, ಅದೇ ಗೋಡೆ, ಅದೇ ಬಿಕ್ಕು. ಆವತ್ತು ತಮ್ಮ ಅಕ್ಕನನ್ನು ಹೊರಗೆ ಕರೆದ.

"ನಿನ್ನ ಎದೆ ಹಗುರ ಆಗ್ಲಿ ಅಂತ ದಿನಾ ಅವಳನ್ನ ಅಳಿಸ್ಬೇಡ ಅಕ್ಕ."



ಮೂರನೆಯ ಬೆಳಿಗ್ಗೆ ಸಣ್ಣಿ ಕೇಳಿದಾಗ ದೊಡ್ಡಕ್ಕ ಕಿಟಕಿಯ ಕಡೆ ನೋಡಿ, "ತಲೆ ಸುತ್ತಿ ಬಿದ್ದೆ ಕಣೇ, ಅಷ್ಟೇ," ಎಂದಳು.

"ಒಲೆ ಮುಂದೇನಾ?" ಸಣ್ಣಿ ಗಾಬರಿಯಾಗಿ ಎದ್ದು ಕೂರಲು ಹೋದಳು. ದೊಡ್ಡಕ್ಕನ ಮೊಣಕೈ ಹಿಡಿದುಕೊಂಡಳು. "ಅಯ್ಯೋ, ಪಾಕ ಸೀದುಹೋಯ್ತಾ? ತಪ್ಪಾಯ್ತು ದೊಡ್ಡಕ್ಕ. ಬೈಬೇಡಿ."

"ಇಲ್ಲ ಕಣೇ, ಬೈಯಲ್ಲ," ಎಂದು ದೊಡ್ಡಕ್ಕ ಲೋಟವನ್ನು ಅವಳ ತುಟಿಗೆ ಹಿಡಿದಳು.